ದೋಣಿಗೆ ಎಣ್ಣೆ ಹಚ್ಚಿದವರು

ಏಳನೇ ಕ್ಲಾಸಿನಲ್ಲಿದ್ದಾಗ ಸಾಲಿಯಿಂದ ಬಸವಕಲ್ಯಾಣಕ್ಕೆ ಟ್ರಿಪ್ ಹೋಗಿದ್ವಿ. ಟ್ರಿಪ್ ಅಂದ್ರೆ ದೊಡ್ಡದೇನಲ್ಲ. ಹುಮನಾಬಾದ್ ಹತ್ತಿರದ ನಮ್ಮೂರಿಂದ ಹತ್ತಿರದ ದಾರಿ. ಒಂದು ಟೆಂಪೋ, ಅದರೊಳಗೆ ನಲವತ್ತು ಹುಡುಗರು, ಎರಡು ಬುಟ್ಟಿ ಜೋಳದ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ. ಕೋಟೆ ನೋಡಿದ್ವಿ, ತ್ರಿಪುರಾಂತಕ ಕೆರೆ ನೋಡಿದ್ವಿ, ನುಲಿಯ ಚಂದಯ್ಯನ ಗವಿ ನೋಡಿದ್ವಿ. ಆಮೇಲೆ ಸರ್ ಇನ್ನೊಂದು ಗವಿ ತೋರಿಸಿ, "ಇದು ಅಂಬಿಗರ ಚೌಡಯ್ಯನ ಗವಿ" ಅಂದ್ರು.

ನಾನು ಕೈ ಎತ್ತಿದೆ. "ಸರ್, ಇಲ್ಲಿ ಹೊಳಿನೇ ಇಲ್ಲಲ್ರಿ. ಅಂಬಿಗ ಇಲ್ಲೇನ್ ಮಾಡ್ತಿದ್ದ?"

ಎಲ್ಲರೂ ನಕ್ಕರು. ಸರ್ ನಗಲಿಲ್ಲ. "ಭವಸಾಗರ ದಾಟಿಸ್ತಿದ್ದ" ಅಂತ ಹೇಳಿ ಮುಂದೆ ನಡೆದುಬಿಟ್ರು. ಪರೀಕ್ಷೆಯಲ್ಲಿ ಬರೆದ್ರೆ ಎರಡು ಮಾರ್ಕ್ಸ್ ಗ್ಯಾರಂಟಿ ಬರೋ ಉತ್ತರ. ಆದರೆ ನನ್ನ ತಲೆಯಲ್ಲಿದ್ದದ್ದು ಭವಸಾಗರ ಅಲ್ಲ, ದೋಣಿ. ಮಾಂಜ್ರಾ ನದಿ ನಮ್ಮ ಜಿಲ್ಲೆಯಲ್ಲಿ ಹರಿಯುತ್ತೆ, ನಿಜ. ಆದರೆ ಕಲ್ಯಾಣದ ಕೋಟೆ ಬಾಗಿಲಲ್ಲಿ ನಿಂತ್ರೆ ಕಾಣೋದು ಕೆಂಪು ನೆಲ, ತೊಗರಿ ಹೊಲ, ಕಲ್ಲು. ದೋಣಿ ಅನ್ನೋದನ್ನ ನಾನು ಅಲ್ಲಿವರೆಗೆ ಪುಸ್ತಕದ ಚಿತ್ರದಲ್ಲಿ ಬಿಟ್ಟು ಎಲ್ಲೂ ನೋಡಿರಲಿಲ್ಲ.

ಮನೆಗೆ ಬಂದು ಮುತ್ಯಾನ್ನ ಕೇಳಿದೆ. ನಮ್ಮ ಮುತ್ಯಾ ಹರೆಯದಲ್ಲಿ ತುಂಗಭದ್ರಾ ಡ್ಯಾಮಿನ ಕೆಲಸಕ್ಕೆ ಹೋಗಿದ್ದ. ಆಗ ನಾವು ಹೈದರಾಬಾದ್ ಸಂಸ್ಥಾನದವರು. ಡ್ಯಾಮ್ ಹೈದರಾಬಾದ್ ಮತ್ತೆ ಮದ್ರಾಸ್ ಎರಡೂ ಸೇರಿ 1945ರಲ್ಲಿ ಶುರು ಮಾಡಿ, 1953ಕ್ಕೆ ನೀರು ನಿಲ್ಲಿಸಿದ್ದು. ಮುನಿರಾಬಾದ್ ಕಡೆಯ ದಂಡೆಯಲ್ಲಿ ಮುತ್ಯಾ ಕಲ್ಲು ಹೊತ್ತಿದ್ದ, ಹರಿಗೋಲು ಹತ್ತಿದ್ದ. ದೋಣಿ ವಿಷಯದಲ್ಲಿ ನಮ್ಮ ಮನೆಗೆಲ್ಲ ಅವನೊಬ್ಬನೇ ಎಕ್ಸ್‌ಪರ್ಟ್.

"ಏ ತಮ್ಮಾ, ದೋಣಿ ನಡಸೋದು ಏನ್ ದೊಡ್ಡ ಕೆಲಸಲ್ಲ. ಅದರ ಹೊಟ್ಟಿ ಕಾಯೋದು ದೊಡ್ಡದದ" ಅಂದ. ಸಂಜೆಯಾದ್ರೆ ಅಂಬಿಗರು ಹರಿಗೋಲನ್ನ ಮರಳ ಮೇಲೆ ಎಳೆದು ಬೋರಲು ಹಾಕ್ತಿದ್ರಂತೆ, ದೊಡ್ಡ ಆಮೆ ಮಲಗಿದ ಹಾಗೆ. ಆಮೇಲೆ ಅದರ ಹೊಟ್ಟೆಯ ಮೇಲೆ ಕೈಯಾಡಿಸ್ತಾ ಸುತ್ತ ಬರೋರು. "ತೊಗಲು ಭಾಳ ಒಣಗಿದ್ರ ಸೀಳ್ತದ. ತೊಯ್ಸಿಕೊಂಡೇ ಬಿದ್ರ ಕೊಳೀತದ. ನಡುವ ಇಡಬೇಕಂದ್ರ ಎಣ್ಣಿ ಬೇಕು. ಹೊಳೀತಿದ್ರ ಎಣ್ಣಿ ಇನ್ನೂ ಅದ ಅಂತ. ಮಂಕಾದ್ರ ನೀರು ಒಳಗ ಬರ್ಲಾಕ ಹಾದಿ ಹುಡುಕ್ಲಾಕತ್ತದ ಅಂತ."

ಆ ಮಾತು ಅವತ್ತು ಅರ್ಧ ಅರ್ಥ ಆಗಿತ್ತು. ಉಳಿದರ್ಧ ಅರ್ಥ ಆಗೋಕೆ ಇಪ್ಪತ್ತು ವರ್ಷ, ಒಂದು ಬಿಇ ಡಿಗ್ರಿ, ಮೂರು ಕಂಪನಿ ಬೇಕಾಯ್ತು.

ಮೊದಲು ಹರಿಗೋಲಿನ ಕಥೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಹೊಳೆ ದಾಟೋರನ್ನ ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿರೋ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದ್ರೆ ಕುದುರೆ ಎತ್ತು ಕೂಡ. ನೆಟ್ಟಗೆ ಹೋಗಲ್ಲ, ಗಿರಗಿರ ತಿರುಗ್ತಾನೇ ಹೋಗುತ್ತೆ ಅಂತಾನೂ ಗಮನಿಸಿದ್ದಾನೆ. ನೀವು ಹಂಪಿಗೆ ಹೋಗಿ ಇನ್ನೂರು ಮುನ್ನೂರು ಕೊಟ್ಟು ಹರಿಗೋಲಲ್ಲಿ ಕೂತು ರೀಲ್ ಮಾಡಿದ್ದೀರಲ್ಲ, ಅದೇ ದೋಣಿ. ಐನೂರು ವರ್ಷದಲ್ಲಿ ಆಕಾರ ಬದಲಾಗಿಲ್ಲ, ಬದಲಾಗಿದ್ದು ಹೊರಗಿನ ಹೊದಿಕೆ ಮಾತ್ರ. ತೊಗಲು ಹೋಗಿ ಪ್ಲಾಸ್ಟಿಕ್ ಶೀಟ್ ಬಂತು, ಎಣ್ಣೆ ಹೋಗಿ ಡಾಂಬರು ಬಂತು. ಆದರೆ ಡಾಂಬರನ್ನೂ ಮತ್ತೆ ಮತ್ತೆ ಬಳಿಯಲೇಬೇಕು. ಬಿಸಿಲಿಗೆ ಬಿರುಕು ಬಿಡುತ್ತೆ, ಹೊಳೆಯ ಬಂಡೆಗೆ ಉಜ್ಜಿ ಸವೆಯುತ್ತೆ. ಹೊದಿಕೆ ಯಾವುದಾದ್ರೂ ಇರಲಿ, ಆ ಕೆಲಸ ಮಾತ್ರ ರಿಟೈರ್ ಆಗಲ್ಲ.

ಹೊಳೆ ಇಲ್ಲದ ನಮ್ಮ ಕಡೆಯವರಿಗೂ ಈ ವಿದ್ಯೆ ಗೊತ್ತಿತ್ತು ಅನ್ನೋದು ನನಗೆ ತಡವಾಗಿ ಹೊಳೀತು. ಪಂಪ್‌ಸೆಟ್ ಬರೋ ಮುಂಚೆ ಬಾವಿಯಿಂದ ನೀರು ಮೇಲೆ ಬರ್ತಿದ್ದದ್ದು ತೊಗಲಿನ ಮೊಟ್ಟೆಯಲ್ಲಿ, ಎತ್ತು ಎಳೆದು. ಯೋಚನೆ ಮಾಡಿ, ಮೊಟ್ಟೆ ಅಂದ್ರೆ ತಿರುಗಿಸಿಟ್ಟ ಹರಿಗೋಲೇ. ಹರಿಗೋಲು ನೀರನ್ನ ಹೊರಗಿಡುತ್ತೆ, ಮೊಟ್ಟೆ ಒಳಗಿಡುತ್ತೆ. ತೊಗಲು ಅದೇ, ಕಷ್ಟವೂ ಅದೇ. ಅದಕ್ಕೆ ಏನು ಹಚ್ಚುತ್ತಿದ್ರು? 19ನೇ ಶತಮಾನದ ಬ್ರಿಟಿಷ್ ಕೃಷಿ ದಾಖಲೆಗಳಲ್ಲಿ ಕುಸುಬಿ ಎಣ್ಣೆಯ ಒಂದು ವಿಧಾನ ಸಿಗುತ್ತೆ. ಒಂದು ಮಡಕೆ ನೆಲದಲ್ಲಿ ಹೂತು, ಅದರ ಮೇಲೆ ಬೀಜ ತುಂಬಿದ ಇನ್ನೊಂದು ಮಡಕೆ ಬೋರಲು ಹಾಕಿ, ಮೇಲಿನಿಂದ ಬೆಂಕಿ ಕೊಡೋದು. ಕೆಳಗಿನ ಮಡಕೆಗೆ ಇಳಿಯೋದು ಕಪ್ಪಗಿನ, ಅಂಟು ಅಂಟಾದ ಎಣ್ಣೆ. ಅಡುಗೆಗೆ ಬರಲ್ಲ. ಬಾವಿ ಹಗ್ಗಕ್ಕೆ, ನೀರಲ್ಲಿ ಮುಳುಗೇಳೋ ತೊಗಲಿಗೆ ಹಚ್ಚೋಕೆ ಅದೇ ಬೇಕು.

ಕುಸುಬಿ, ಅಗಸಿ ಇವೆರಡೂ ನಮ್ಮ ಹಿಂಗಾರಿ ಹೊಲದ ಬೆಳೆ. ಇವುಗಳ ಎಣ್ಣೆಗೆ ಒಂದು ಗುಣ ಇದೆ. ಕೊಬ್ಬರಿ ಎಣ್ಣೆ ಹಚ್ಚಿದ್ರೆ ಜಿಡ್ಡಾಗೇ ಉಳಿಯುತ್ತೆ. ಅಗಸಿ ಎಣ್ಣೆ ಹಚ್ಚಿದ್ರೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿ ಪೊರೆ ಆಗುತ್ತೆ. ಹೀಗಾಗಿ ಶತಮಾನಗಳ ಕಾಲ ಯುರೋಪಿನ ಮರದ ದೋಣಿಗಳ ಬಣ್ಣಕ್ಕೆ, ವಾರ್ನಿಷಿಗೆ ಅಗಸಿ ಎಣ್ಣೆಯೇ ಆಧಾರ. ನಮ್ಮ ಆಯಿ ಅಗಸಿ ಹುರಿದು ಹಿಂಡಿ ಕುಟ್ಟುವಾಗ, ಅದೇ ಬೀಜ ಎಲ್ಲೋ ಹಡಗು ಕಾಯ್ತಿತ್ತು ಅಂತ ಅವಳಿಗೆ ಹೇಳಿದ್ರೆ, "ಮೊದ್ಲ ರೊಟ್ಟಿ ತಿನ್ನು" ಅಂತಿದ್ಲು.

ಈಗ ಕಡಲಿಗೆ ಹೋಗೋಣ. ಯಾಕಂದ್ರೆ ಎಣ್ಣೆಯ ನಿಜವಾದ ಪರೀಕ್ಷೆ ನಡೆಯೋದು ಉಪ್ಪು ನೀರಲ್ಲಿ.

ಕಲ್ಯಾಣವನ್ನ ರಾಜಧಾನಿ ಮಾಡಿಕೊಂಡ ಚಾಲುಕ್ಯ ಒಂದನೇ ಸೋಮೇಶ್ವರನ ಶತ್ರು ಧಾರಾ ನಗರದ ಭೋಜರಾಜ. ಆ ಭೋಜನ ಹೆಸರಲ್ಲಿ 'ಯುಕ್ತಿಕಲ್ಪತರು' ಅನ್ನೋ ಸಂಸ್ಕೃತ ಗ್ರಂಥ ಇದೆ. ಅದರಲ್ಲಿ ಹಡಗಿಗೆ ಯಾವ ಮರ, ಎಷ್ಟು ಉದ್ದ ಅನ್ನೋ ಲೆಕ್ಕದ ಜೊತೆ ಬಣ್ಣದ ಲೆಕ್ಕವೂ ಇದೆ. ನಾಲ್ಕು ಹಾಯಿಕಂಬದ ಹಡಗಿಗೆ ಬಿಳಿ, ಮೂರಕ್ಕೆ ಕೆಂಪು, ಎರಡಕ್ಕೆ ಹಳದಿ, ಒಂದಕ್ಕೆ ನೀಲಿ. ಸಮುದ್ರದ ಹಡಗಿಗೆ ಕಬ್ಬಿಣದ ಮೊಳೆ ಬೇಡ, ಅಯಸ್ಕಾಂತದ ಬಂಡೆ ಎಳೆದುಕೊಳ್ಳುತ್ತೆ ಅನ್ನೋ ಎಚ್ಚರಿಕೆಯೂ ಇದೆ.

ರಾಜನ ಪುಸ್ತಕದಲ್ಲಿ ಬಣ್ಣದ ಲೆಕ್ಕ ಸಿಕ್ತು. ದಿನನಿತ್ಯದ ಎಣ್ಣೆ ಲೆಕ್ಕ ಬೇಕಂದ್ರೆ ಪ್ರಯಾಣಿಕರನ್ನ ಕೇಳಬೇಕು. 1183ರಲ್ಲಿ, ಅಂದ್ರೆ ಕಲ್ಯಾಣದ ಕ್ರಾಂತಿ ನಡೆದು ಹದಿನೈದು ವರ್ಷ ಆದಾಗ, ಸ್ಪೇನ್ ಕಡೆಯ ಇಬ್ನ್ ಜುಬೈರ್ ಮೆಕ್ಕಾ ಯಾತ್ರೆಗೆ ಹೊರಟು ಕೆಂಪು ಸಮುದ್ರದ ಐಧಾಬ್ ಬಂದರಿಗೆ ಬಂದ. ಅಲ್ಲಿನ ದೋಣಿಗಳಿಗೆ ಒಂದೂ ಮೊಳೆ ಇಲ್ಲ, ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನ ಹೊಲಿದಿದ್ರು. ಮರ, ನಾರು ಬರ್ತಿದ್ದದ್ದು ಇಂಡಿಯಾ, ಯೆಮನ್ ಕಡೆಯಿಂದ. ಹೊಲಿದು ಮುಗಿದ ಮೇಲೆ ತುಪ್ಪನೋ, ಹರಳೆಣ್ಣೆಯೋ, ಶಾರ್ಕ್ ಮೀನಿನ ಎಣ್ಣೆಯೋ ಹಚ್ಚೋರು. ಮೂರರಲ್ಲಿ ಶಾರ್ಕ್ ಎಣ್ಣೆಯೇ ಒಳ್ಳೇದು, ಮರ ಮೆತ್ತಗೆ ಬಾಗೋ ಹಾಗೆ ಇರುತ್ತೆ ಅಂತ ಅವನ ಟಿಪ್ಪಣಿ. ಎಂಟುನೂರು ವರ್ಷ ಹಳೇ ಪ್ರಾಡಕ್ಟ್ ರಿವ್ಯೂ ಅನ್ನಿ.

ನೂರು ವರ್ಷದ ನಂತರ ಮಾರ್ಕೊ ಪೋಲೊ ಹೋರ್ಮುಜ್‌ನಲ್ಲಿ ಇಂಥದೇ ಹೊಲಿದ ಹಡಗು ನೋಡಿ ಮೂಗು ಮುರಿದ. ಮೀನೆಣ್ಣೆ ಬಳಿದ ಈ ಹಡಗಲ್ಲಿ ಹೋಗೋದು ಜೀವಕ್ಕೇ ಅಪಾಯ ಅಂದ. ಅವನೇ ಚೀನಾದ ಹಡಗುಗಳನ್ನ ಹೊಗಳಿದ್ದಾನೆ. ಸುಣ್ಣ, ಸಣ್ಣಗೆ ಕತ್ತರಿಸಿದ ಸೆಣಬು, ಮರದ ಎಣ್ಣೆ ಕುಟ್ಟಿ ಅಂಟು ಮಾಡಿ ಬಳಿಯೋರು. ವರ್ಷ ಕಳೆದು ರಿಪೇರಿಗೆ ಬಂದಾಗ ಹಳೇ ಹಲಗೆ ಕೀಳದೇ ಮೇಲೊಂದು ಪದರ ಹಲಗೆ ಹೊಡೆಯೋರು. ಹೀಗೆ ಆರು ಪದರದವರೆಗೆ. ಹಳೇ ಕೋಡ್ ಮುಟ್ಟದೇ ಅದರ ಮೇಲೊಂದು ಲೇಯರ್ ಹಾಕೋ ನಮ್ಮ ಪದ್ಧತಿ ಹೊಸದೇನಲ್ಲ.

ಮಾರ್ಕೊ ಪೋಲೊ ಬೈದ ಹೊಲಿದ ಹಡಗಿನ ಪರ ವಾದ ಮಾಡಿದ್ದು 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಇಬ್ನ್ ಬತೂತ. ಮೊಳೆ ಹೊಡೆದ ಹಡಗು ಬಂಡೆಗೆ ಬಡಿದ್ರೆ ಒಡೆಯುತ್ತೆ, ಹೊಲಿದ ಹಡಗು ಬಾಗಿ ತಾಳಿಕೊಳ್ಳುತ್ತೆ ಅಂತ. ಬಾಗಬೇಕಂದ್ರೆ ನಾರೂ ಮರವೂ ಒಣಗಬಾರದು, ಒಣಗಬಾರದಂದ್ರೆ ಎಣ್ಣೆ ತಪ್ಪಬಾರದು. ನಮ್ಮ ಕರಾವಳಿಯಲ್ಲಿ ಈ ಎಣ್ಣೆಯ ಪಟ್ಟಿ ದೊಡ್ಡದು. ಬೂತಾಯಿ ಮೀನಿನ ಎಣ್ಣೆ, ಹೊನ್ನೆ ಎಣ್ಣೆ, ಧೂಪದ ಮರದ ರಾಳ, ಪೋರ್ಚುಗೀಸರು ಗೇರು ಗಿಡ ತಂದ ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ. ಕೈಗೆ ತಾಗಿದ್ರೆ ಸುಟ್ಟು ಗುಳ್ಳೆ ಏಳಿಸೋ ಎಣ್ಣೆ ಅದು. ಹುಳು ಹತ್ತಿರ ಬರದೇ ಇರೋದು ಸಹಜ.

ಈ ವಿದ್ಯೆ ಪೂರ್ತಿ ಸತ್ತಿಲ್ಲ ಅನ್ನೋದಕ್ಕೆ ಸಾಕ್ಷಿ ನಮ್ಮ ಕಾರವಾರದಲ್ಲೇ ಸಿಕ್ತು. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಅನ್ನೋ ಹಾಯಿಹಡಗು ನೌಕಾಪಡೆಗೆ ಸೇರಿತು. ಅಜಂತಾದ 5ನೇ ಶತಮಾನದ ಚಿತ್ರ ನೋಡಿ ಕಟ್ಟಿದ ಹಡಗು. ಹಲಗೆಗಳನ್ನ ತೆಂಗಿನ ಹಗ್ಗದಿಂದ ಹೊಲಿದು, ಸಂದುಗಳಿಗೆ ನಾರು, ರಾಳ ತುಂಬಿದ್ದಾರೆ. ಡ್ರಾಯಿಂಗ್ ಇಲ್ಲ, ಮ್ಯಾನ್ಯುಯಲ್ ಇಲ್ಲ. ಇದ್ದದ್ದು ಗೋಡೆಯ ಮೇಲಿನ ಒಂದು ಚಿತ್ರ, ಮತ್ತೆ ಕೇರಳದ ಬಾಬು ಶಂಕರನ್ ಮತ್ತವರ ತಂಡದ ಕೈಯಲ್ಲಿದ್ದ ಹೊಲಿಗೆ. ಡಾಕ್ಯುಮೆಂಟೇಶನ್ ಇಲ್ಲದ ಸಿಸ್ಟಂ ಒಂದನ್ನ ಹಳಬರ ನೆನಪಿನಿಂದ ಮತ್ತೆ ಎಬ್ಬಿಸೋದು ಎಷ್ಟು ಕಷ್ಟ ಅಂತ ಸಾಫ್ಟ್‌ವೇರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಮರದ ಹಡಗಿಗೆ ಕಡಲಲ್ಲಿ ಎರಡು ಕಾಟ. ಒಂದು, ಹಡಗು ಹುಳು. ಹೆಸರು ಹುಳು ಅಂತಿದ್ರೂ ಅದು ಮರುವಾಯಿ, ಚಿಪ್ಪಿಯ ಸಂಬಂಧಿ. ಮರದೊಳಗೆ ಕೊರೆದುಕೊಂಡೇ ಬದುಕುತ್ತೆ. ಹೊರಗಿಂದ ಹಲಗೆ ಚೆನ್ನಾಗೇ ಕಾಣುತ್ತೆ, ಒಳಗೆ ಜಾಳು ಜಾಳು. ಎರಡು, ತಳಕ್ಕೆ ಕಚ್ಚಿಕೊಳ್ಳೋ ಪಾಚಿ, ಬಾರ್ನಕಲ್ ಅನ್ನೋ ಚಿಪ್ಪಿನ ಜೀವಿಗಳು. ಇವು ಮರ ತಿನ್ನಲ್ಲ. ಆದರೆ ನುಣುಪಾಗಿದ್ದ ತಳ ಒರಟಾಗಿ ಹಡಗಿನ ವೇಗ ಇಳಿಯುತ್ತೆ.

ಎಣ್ಣೆ ಸಾಲದಾದಾಗ ಬ್ರಿಟಿಷ್ ನೌಕಾಪಡೆ ತಾಮ್ರಕ್ಕೆ ಕೈ ಹಾಕಿತು. 1761ರಲ್ಲಿ 'ಅಲಾರ್ಮ್' ಅನ್ನೋ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆದು ವೆಸ್ಟ್ ಇಂಡೀಸ್‌ಗೆ ಕಳಿಸಿದ್ರು. ವಾಪಸ್ ಬಂದಾಗ ನೋಡಿದ್ರೆ ಹುಳು ಇಲ್ಲ, ಚಿಪ್ಪು ಇಲ್ಲ, ಹೊಳೆಯೋ ತಳ. ಆದರೆ ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ಕೊಳೆತುಹೋಗಿದ್ವು. ಉಪ್ಪು ನೀರಲ್ಲಿ ತಾಮ್ರ, ಕಬ್ಬಿಣ ಒಂದಕ್ಕೊಂದು ತಾಗಿದ್ರೆ ಅದೊಂದು ಬ್ಯಾಟರಿ, ಕಬ್ಬಿಣ ಕರಗುತ್ತೆ. ಮಜಾ ಏನಂದ್ರೆ, ತಗಡು ಸುತ್ತಿ ಬಂದಿದ್ದ ಕಂದು ಕಾಗದ ಎಲ್ಲೆಲ್ಲಿ ಹರಿಯದೇ ನಡುವೆ ಉಳಿದಿತ್ತೋ ಅಲ್ಲಿನ ಮೊಳೆ ಮಾತ್ರ ನೆಟ್ಟಗಿತ್ತು. ಪ್ಯಾಕಿಂಗ್ ಪೇಪರ್ ತೆಗೆಯೋಕೆ ಯಾರೋ ಸೋಮಾರಿತನ ಮಾಡಿದ್ರಿಂದ ಇಂಜಿನಿಯರುಗಳಿಗೆ ಪಾಠ ಸಿಕ್ತು.

ಮುಂದೆ ಮೊಳೆಯನ್ನೂ ತಾಮ್ರದ ಮಿಶ್ರಲೋಹದ್ದೇ ಮಾಡಿದ್ರು. ಆದರೂ ತಾಮ್ರದ ತಗಡು ತಾನೇ ನಿಧಾನವಾಗಿ ಸವೆದು ದುಬಾರಿ ಆಗ್ತಿತ್ತು. 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿಯ ಹತ್ತಿರ ಪರಿಹಾರ ಇತ್ತು. ತಾಮ್ರಕ್ಕೆ ಸತು ಅಥವಾ ಕಬ್ಬಿಣದ ಸಣ್ಣ ತುಂಡು ಅಂಟಿಸಿ. ತಾಮ್ರದ ಬದಲು ಅದು ಕರಗುತ್ತೆ. ಪ್ರಯೋಗ ನೂರಕ್ಕೆ ನೂರು ಸಕ್ಸಸ್. ತಾಮ್ರ ಒಂದಿಷ್ಟೂ ಸವೆಯಲಿಲ್ಲ. ಆದರೆ ಹಡಗಿನ ತಳಕ್ಕೆ ಬಾರ್ನಕಲ್ ಮೆತ್ತಿಕೊಂಡ್ವು!

ಯಾಕೆ? ತಾಮ್ರ ಸ್ವಲ್ಪ ಸ್ವಲ್ಪ ಕರಗ್ತಾ ಇದ್ದದ್ದರಿಂದಲೇ ಆ ಜೀವಿಗಳು ಹತ್ತಿರ ಬರ್ತಿರಲಿಲ್ಲ. ಸವೆತವೇ ಅದರ ಕೆಲಸ ಆಗಿತ್ತು. ಸವೆಯದ ತಾಮ್ರ ಹೊಳೀತಿತ್ತು, ಕಾಯ್ತಿರಲಿಲ್ಲ. ನೌಕಾಪಡೆ ಡೇವಿಯ ತುಂಡುಗಳನ್ನ ಕಿತ್ತು ಹಾಕಿತು. ಇದನ್ನ ಓದಿದ ದಿನ ಮುತ್ಯಾನ ಮಾತು ನೆನಪಾಯ್ತು. ಎಣ್ಣೆಯೂ ಅಷ್ಟೇ. ತಾನು ಖರ್ಚಾಗ್ತಾ ತೊಗಲನ್ನ ಉಳಿಸುತ್ತೆ. ಹಾಗಾಗೇ ಅದನ್ನ ಒಂದು ಸಲ ಹಚ್ಚಿ ಮರೆಯೋಕೆ ಆಗಲ್ಲ.

ಡೇವಿಯ ಐಡಿಯಾ ವ್ಯರ್ಥ ಆಗಲಿಲ್ಲ. ಇವತ್ತಿನ ಉಕ್ಕಿನ ಹಡಗುಗಳ ತಳಕ್ಕೆ ಸತುವಿನ ಗಟ್ಟಿಗಳನ್ನ ಅಂಟಿಸ್ತಾರೆ. ಉಕ್ಕಿನ ಬದಲು ಸತು ಕರಗುತ್ತೆ, ಕರಗಿ ಮುಗಿದಾಗ ಹೊಸದು ಹಾಕ್ತಾರೆ. ಬೀದರ್ ಜಿಲ್ಲೆಯವನಾದ ನನಗೆ ಸತು ಅಂದ ತಕ್ಷಣ ನೆನಪಾಗೋದು ಬಿದ್ರಿ. ಬಿದ್ರಿಯ ಲೋಹದಲ್ಲಿ ಬಹುಪಾಲು ಸತು, ಚೂರು ತಾಮ್ರ. ಅದರ ಮೇಲೆ ಬೆಳ್ಳಿಯ ಕೆತ್ತನೆ ಮಾಡಿ, ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿದ ನೀರಲ್ಲಿ ಕಪ್ಪು ಮಾಡ್ತಾರೆ. ಕೊನೆಗೆ ಎಣ್ಣೆ ಹಾಕಿ ಉಜ್ಜಿದ್ರೆ ಆ ಕಪ್ಪು ಹೊಳೆಯುತ್ತೆ. ಒಂದೇ ಲೋಹ. ಒಂದು ಕಡೆ ಶೋಕೇಸಿನಲ್ಲಿ ಹೆಸರು ಮಾಡಿದೆ, ಇನ್ನೊಂದು ಕಡೆ ನೀರ ಕೆಳಗೆ ಯಾರಿಗೂ ಕಾಣದ ಹಾಗೆ ಕರಗ್ತಾ ಕೂತಿದೆ.

ಅತಿಯಾಸೆಯ ಕಥೆಯೂ ಒಂದಿದೆ. 1960ರ ದಶಕದಿಂದ ಟಿಬಿಟಿ ಅನ್ನೋ ತವರದ ಸಂಯುಕ್ತ ಬೆರೆಸಿದ ಬಣ್ಣ ಬಂತು. ಹಡಗಿನ ತಳ ವರ್ಷಗಟ್ಟಲೆ ಸ್ವಚ್ಛ. ಆದರೆ ಆ ವಿಷ ನೀರಿಗಿಳಿದು ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯ ಸಿಂಪಿಗಳನ್ನ ಹಾಳು ಮಾಡಿತು. ಫ್ರಾನ್ಸ್ 1982ರಲ್ಲೇ ಸಣ್ಣ ದೋಣಿಗಳಿಗೆ ಅದನ್ನ ನಿಷೇಧಿಸಿತು. ಜಗತ್ತು ಒಪ್ಪಂದ ಮಾಡಿಕೊಂಡು ಅದು ಜಾರಿಗೆ ಬರೋ ಹೊತ್ತಿಗೆ 2008 ಆಯ್ತು. ಪದೇ ಪದೇ ಹಚ್ಚೋ ಕಷ್ಟ ತಪ್ಪಿಸಿಕೊಳ್ಳೋಕೆ ಹೋಗಿ, ಆ ಕಷ್ಟವನ್ನ ಕಡಲಿಗೆ ವರ್ಗಾಯಿಸಿದ್ವಿ.

ಹೋದ ವರ್ಷ ಜುಲೈನಲ್ಲಿ ಫ್ರೆಂಡ್ಸ್ ಜೊತೆ ಮಲ್ಪೆಗೆ ಹೋಗಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ. ಹಾಗಾಗಿ ಬಂದರು ತುಂಬ ದೋಣಿ. ಕೆಲವು ದಡಕ್ಕೆ ಎಳೆದು ಟಾರ್ಪಾಲು ಹೊದಿಸಿದ್ವು. ಮಳೆ ಬಿಟ್ಟ ಗಳಿಗೆಯಲ್ಲಿ ಒಬ್ಬರು ಹಿರಿಯರು ಫೈಬರ್ ದೋಣಿಯೊಂದರ ಬದಿ ಉಜ್ಜುತ್ತಿದ್ರು. ಅಂಗೈ ಸವರಿ ತೋರಿಸಿದ್ರು, ಬಿಳಿ ಪುಡಿ. ಬಿಸಿಲಿಗೆ ಫೈಬರಿನ ಮೇಲ್ಪದರ ಹೀಗೆ ಪುಡಿ ಆಗುತ್ತಂತೆ. ಅದನ್ನ ನೀರು ಕಾಗದದಲ್ಲಿ ತಿಕ್ಕಿ ತೆಗೆದು, ಪಾಲಿಶ್ ಹಾಕಿ, ಮೇಣ ಉಜ್ಜಬೇಕು. ನೀರೊಳಗೆ ಮುಳುಗೋ ಭಾಗಕ್ಕೆ ಕಂದುಗೆಂಪು ಬಣ್ಣ. ಅದರಲ್ಲಿರೋದು ಅದೇ ಹಳೇ ತಾಮ್ರ, ಆಕ್ಸೈಡ್ ರೂಪದಲ್ಲಿ.

"ಹೊಸ ದೋಣಿ ಥರ ಹೊಳೀತಿದೆ ಸರ್" ಅಂದೆ.

"ಹೊಳಪು ಚಂದಕ್ಕೆ ಅಲ್ಲ ಮಾರಾಯ್ರೆ. ಹೊಳಪು ಹೋದಲ್ಲಿಂದ ನೀರು ಒಳಗೆ ಕೂರ್ತದೆ" ಅಂದ್ರು.

ನಾನು ಸುಮ್ಮನೆ ನಿಂತೆ. ಮುನಿರಾಬಾದಿನ ಮರಳಿಂದ ಮಲ್ಪೆಯ ಕೆಸರಿಗೆ, ಎಪ್ಪತ್ತು ವರ್ಷ ದಾಟಿ, ಅದೇ ವಾಕ್ಯ.

ಅದು ನನಗೆ ಅಷ್ಟು ನಾಟೋಕೆ ಕಾರಣ ಇದೆ. ಹಿಂದಿನ ಒಂದು ಕಂಪನಿಯಲ್ಲಿ ನಾನು ಮೇಂಟೆನೆನ್ಸ್ ಟೀಮಿನಲ್ಲಿದ್ದೆ. ಹಳೇ ಸಿಸ್ಟಂ ನೋಡಿಕೊಳ್ಳೋದು, ಪ್ಯಾಚ್ ಹಾಕೋದು, ಸರ್ಟಿಫಿಕೇಟ್ ಅವಧಿ ಮುಗಿಯೋ ಮುಂಚೆ ರಿನ್ಯೂ ಮಾಡೋದು. ಪ್ರತಿ ಅಪ್ರೈಸಲ್‌ನಲ್ಲಿ ಒಂದೇ ಪ್ರಶ್ನೆ: "ಈ ವರ್ಷ ಹೊಸದೇನು ಮಾಡಿದ್ರಿ?" ಹೊಸದೇನೂ ಇಲ್ಲ, ಹಳೇದು ನಿಲ್ಲಲಿಲ್ಲ ಅಷ್ಟೇ ಅಂತ ಹೇಳಿದ್ರೆ ಅದು ಸಾಧನೆ ಅಲ್ಲ. ಒಂದು ವರ್ಷ ಟೀಮನ್ನೇ ಒಡೆದು ನಮ್ಮನ್ನ ಹೊಸ ಪ್ರಾಜೆಕ್ಟುಗಳಿಗೆ ಹಂಚಿದ್ರು. ಏಳು ತಿಂಗಳಾದ ಮೇಲೆ ಒಂದು ರಾತ್ರಿ ಇಡೀ ಸಿಸ್ಟಂ ಕೂತುಬಿಟ್ಟಿತು. ಕಾರಣ, ಯಾರೂ ರಿನ್ಯೂ ಮಾಡದ ಒಂದು ಸರ್ಟಿಫಿಕೇಟ್. ಹತ್ತು ನಿಮಿಷದ ಕೆಲಸ. ಅದನ್ನ ರಾತ್ರಿ ಎದ್ದು ಸರಿ ಮಾಡಿದ ಹುಡುಗನಿಗೆ ಅವಾರ್ಡ್ ಸಿಕ್ತು. ನನಗೆ ಬೇಜಾರಿಲ್ಲ, ಅವನು ಒಳ್ಳೇ ಹುಡುಗ. ಆದರೆ ಅದಕ್ಕಿಂತ ಮುಂಚೆ ನಾಲ್ಕು ವರ್ಷ ಅದು ಕೂರದ ಹಾಗೆ ನೋಡಿಕೊಂಡವರಿಗೆ ಯಾರೂ ಒಂದು ಮೇಲ್ ಕೂಡ ಹಾಕಿರಲಿಲ್ಲ.

ಇತಿಹಾಸವೂ ಹೀಗೇ ಅಪ್ರೈಸಲ್ ಮಾಡುತ್ತೆ. ಹಡಗು ಕಟ್ಟಿಸಿದವನ ಹೆಸರು ಉಳಿಯುತ್ತೆ, ಅದರಲ್ಲಿ ಹೋದವನ ಹೆಸರು ಉಳಿಯುತ್ತೆ. ಇಬ್ನ್ ಜುಬೈರ್ ಮೂರು ಥರದ ಎಣ್ಣೆಯ ಹೆಸರು ಬರೆದ, ಹಚ್ಚಿದವನ ಹೆಸರು ಬರೆಯಲಿಲ್ಲ. ಪಾಯೆಸ್ ತೊಗಲು ನೋಡಿದ, ಹದ ಮಾಡಿದವನನ್ನ ನೋಡಲಿಲ್ಲ. ನಮ್ಮಲ್ಲಂತೂ ಹೆಸರು ಬರೆಯೋದು ಹಾಗಿರಲಿ, ತೊಗಲು ಮುಟ್ಟಿದವನನ್ನ ಊರೊಳಗೇ ಬಿಡಲಿಲ್ಲ. ಅವನು ಹದ ಮಾಡಿದ ತೊಗಲಿನ ಮೊಟ್ಟೆಯ ನೀರು ಹೊಲಕ್ಕೆ ಬೇಕಿತ್ತು. ಅವನ ತೊಗಲಿನ ಹರಿಗೋಲಲ್ಲಿ ಕೂತು ಎಲ್ಲರೂ ಹೊಳೆ ದಾಟಿದ್ರು. ದಾಟಿದ ಮೇಲೆ ಮತ್ತೆ ದೂರ.

ಈಗ ಏಳನೇ ಕ್ಲಾಸಿನ ನನ್ನ ಪ್ರಶ್ನೆಗೆ ವಾಪಸ್ ಬರ್ತೀನಿ. ಹೊಳೆ ಇಲ್ಲದ ಊರಲ್ಲಿ ಅಂಬಿಗ ಏನ್ ಮಾಡ್ತಿದ್ದ?

ಚೌಡಯ್ಯ ತುಂಗಭದ್ರೆಯ ದಂಡೆಯವನು ಅಂತ ನಂಬಿಕೆ. ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ಜೊತೆ ಅವನ ಹೆಸರು ಸೇರಿಕೊಂಡಿದೆ. ಅಲ್ಲಿಂದ ಕಲ್ಯಾಣ ಎಷ್ಟು ದೂರ! ಅಷ್ಟು ದೂರ ಬಂದವನು ಅವನೊಬ್ಬನೇ ಅಲ್ಲ. ಅನುಭವ ಮಂಟಪದಲ್ಲಿ ಕೂತವರ ಹೆಸರುಗಳನ್ನ ಒಮ್ಮೆ ಕೆಲಸದ ಕಣ್ಣಿಂದ ಓದಿ ನೋಡಿ. ಬಿದಿರಿನ ಬುಟ್ಟಿ ಹೆಣೆಯೋ ಮೇದಾರ ಕೇತಯ್ಯ. ಹಗ್ಗ ಹೊಸೆಯೋ ನುಲಿಯ ಚಂದಯ್ಯ. ತೊಗಲು ಹದ ಮಾಡೋ ಡೋಹರ ಕಕ್ಕಯ್ಯ. ಎಣ್ಣೆ ತೆಗೆಯೋ ಗಾಣದ ಕಣ್ಣಪ್ಪ. ಹುಟ್ಟು ಹಾಕೋ ಅಂಬಿಗರ ಚೌಡಯ್ಯ. ಬಿದಿರು, ಹಗ್ಗ, ತೊಗಲು, ಎಣ್ಣೆ, ಹುಟ್ಟು. ಒಂದು ಹರಿಗೋಲಿಗೆ ಇನ್ನೇನು ಬೇಕು?

ಅವರೆಲ್ಲ ಸೇರಿ ದೋಣಿ ಕಟ್ಟಿದ್ರು ಅಂತ ನಾನು ಹೇಳ್ತಿಲ್ಲ. ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಕೇರಿಯಲ್ಲಿ, ಒಬ್ಬರ ಕೈಯ ಕೆಲಸ ಇನ್ನೊಬ್ಬರಿಗೆ ಬೇಕಾಗಿದ್ರೂ ಒಟ್ಟಿಗೆ ಕೂರದ ಜನ ಕಲ್ಯಾಣದಲ್ಲಿ ಒಂದೇ ನೆಲದ ಮೇಲೆ ಕೂತ್ರು ಅಂತ ಹೇಳ್ತಿದ್ದೀನಿ. ಹೆಸರಿನ ಮುಂದೆ ಕಸುಬು ಇಟ್ಟುಕೊಂಡೇ ಕೂತ್ರು. ಬಹಳಷ್ಟು ವಚನಕಾರರು ತಮ್ಮ ಇಷ್ಟದೈವದ ಹೆಸರನ್ನ ಅಂಕಿತ ಮಾಡಿಕೊಂಡ್ರೆ, ಚೌಡಯ್ಯ ಮಾತ್ರ 'ಅಂಬಿಗರ ಚೌಡಯ್ಯ' ಅನ್ನೋ ತನ್ನ ಹೆಸರನ್ನೇ ಅಂಕಿತ ಮಾಡಿದ. ಅವನವು ಅಂತ ಇನ್ನೂರಕ್ಕೂ ಹೆಚ್ಚು ವಚನ ಸಿಕ್ಕಿವೆ. ಪ್ರತಿಯೊಂದರ ಕೆಳಗೂ ಕಸುಬಿನ ಸಮೇತ ಒಂದು ಸಹಿ. ಬೇರೆಯವರು ಬರೆಯದ ಹೆಸರನ್ನ ಅವನೇ ಬರೆದುಕೊಂಡ, ಎಂಟುನೂರು ವರ್ಷ ಅಳಿಸದ ಹಾಗೆ.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮ ಮನೆಯ ತಲಬಾಗಿಲು ಸಾಗವಾನಿಯದು, ಮುತ್ಯಾನ ಕಾಲದ್ದು. ಅವನಿದ್ದಷ್ಟು ದಿನ ಪ್ರತಿ ದೀಪಾವಳಿ ಮುಂಚೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದ. ಚಿಕ್ಕವನಿದ್ದಾಗ ಆ ಬಾಗಿಲಲ್ಲಿ ನನ್ನ ಮುಖದ ನೆರಳು ಕಾಣ್ತಿತ್ತು. ಮುತ್ಯಾ ಹೋಗಿ ಹನ್ನೊಂದು ವರ್ಷ. ಅಪ್ಪನಿಗೆ ಮೊಣಕಾಲು ನೋವು. ನಾನು ಹಬ್ಬಕ್ಕೆ ಎರಡು ದಿನ ಬಂದು ಹೋಗೋ ಗಿರಾಕಿ. ಈ ಸಲ ನೋಡಿದ್ರೆ ಕೆಳಗಿನ ಹಲಗೆ ಬೂದು ಬಣ್ಣಕ್ಕೆ ತಿರುಗಿ ಸೀಳು ಬಿಟ್ಟಿತ್ತು. ಚೌಕಟ್ಟಿನ ಮೂಲೆಯಲ್ಲಿ ಗೆದ್ದಲಿನ ಮಣ್ಣು. ಉಗುರಿಂದ ಒತ್ತಿದ್ರೆ ಮರ ಒಳಗೆ ಹೋಯ್ತು. ಹೊರಗಿಂದ ನೆಟ್ಟಗಿತ್ತು, ಹಡಗು ಹುಳು ಹೊಕ್ಕ ಹಲಗೆಯ ಹಾಗೆ.

ಅವತ್ತೇ ಹುಮನಾಬಾದ್ ಬಜಾರಿಗೆ ಹೋಗಿ ಅಗಸಿ ಎಣ್ಣೆ, ಉಜ್ಜೋ ಕಾಗದ, ಗೆದ್ದಲಿನ ಔಷಧಿ ತಂದೆ. ಅಪ್ಪ ಕುರ್ಚಿ ಹಾಕ್ಕೊಂಡು ಕೂತು ಹೇಳ್ತಾ ಹೋದ, ನಾನು ಮಾಡ್ತಾ ಹೋದೆ. ಮೊದಲು ಬೂದು ಹೋಗೋವರೆಗೆ ಉಜ್ಜು. ಧೂಳು ಒರೆಸು. ಒಂದು ಹೊತ್ತು ಬಿಸಿಲು ಕಾಣಲಿ. ಎಣ್ಣೆ ತೆಳ್ಳಗೆ ಹಚ್ಚು, ಮರ ಕುಡಿದಷ್ಟು ಕುಡಿಯಲಿ, ಉಳಿದದ್ದು ಒರೆಸು. ದಪ್ಪ ಹಚ್ಚಿದ್ರೆ ಅಂಟಾಗಿ ಧೂಳು ಹಿಡಿಯುತ್ತೆ. ಎಣ್ಣೆ ಒರೆಸಿದ ಅರಿವೆ ಮುದ್ದೆ ಮಾಡಿ ಎಸೀಬೇಡ, ಹರವಿ ಒಣಗಿಸು, ತಾನೇ ಬೆಂಕಿ ಹತ್ತಿಕೊಳ್ತದೆ. ಇದೆಲ್ಲ ಅಪ್ಪನಿಗೆ ಗೊತ್ತಿತ್ತು ಅನ್ನೋದೇ ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ.

ಎರಡು ದಿನ ರಜೆ ಜಾಸ್ತಿ ಹಾಕಿದೆ, ಯಾಕಂದ್ರೆ ಅಗಸಿ ಎಣ್ಣೆ ಅವಸರದಲ್ಲಿ ಒಣಗಲ್ಲ. ಎರಡನೇ ಕೋಟ್ ಹಚ್ಚಿದ ಮೇಲೆ ಸಾಗವಾನಿಯ ಗೆರೆಗಳು ಒಂದೊಂದಾಗಿ ಮೇಲೆ ಬಂದ್ವು. ಮುಖ ಕಾಣುವಷ್ಟು ಹೊಳಪು ಬರಲಿಲ್ಲ. ಹನ್ನೊಂದು ವರ್ಷದ ಬಾಕಿ ಎರಡು ಕೋಟಿಗೆ ತೀರಲ್ಲ. ಕೆಳಗಿನ ಹಲಗೆ ಹೇಗೂ ಬಡಗಿಯ ಹತ್ತಿರ ಬದಲಾಯಿಸಬೇಕು.

ಹೊರಡೋ ದಿನ ಫೋನಿನಲ್ಲಿ ರಿಮೈಂಡರ್ ಹಾಕಿ ಅಪ್ಪನಿಗೆ ತೋರಿಸಿದೆ. "ನೋಡು ಅಪ್ಪಾ, ವರ್ಷ ವರ್ಷ ದೀಪಾವಳಿ ಮುಂಚೆ ನೆನಪು ಮಾಡ್ತದ."

ಅಪ್ಪ ಕನ್ನಡಕ ಏರಿಸಿ ನೋಡಿದ. "ಛಲೋ ಆಯ್ತು. ನೆನಪು ಅದು ಮಾಡ್ತದ. ಎಣ್ಣಿ ಹಚ್ಚಲಾಕ ಬರಾವ್ರು ಯಾರು?"

ಮುಂದಿನ ದೀಪಾವಳಿಯ ಬೀದರ್ ರೈಲಿನ ಬುಕಿಂಗ್ ಇನ್ನೂ ಓಪನ್ ಆಗಿಲ್ಲ. ಅದಕ್ಕೂ ಒಂದು ರಿಮೈಂಡರ್ ಹಾಕಿದ್ದೀನಿ.